ಕಡಲಿಗೊಂದು ಪ್ರೈವೇಟ್ ನಂಬರ್

ನಾಗಪುರದ ಮನೀಶ್ ನಗರದ ಬಿಂದುಮಾಧವರು ಸಮುದ್ರ ಕಂಡವರಲ್ಲ. ಗದಗಿನಲ್ಲಿ ಹುಟ್ಟಿ, ನಾಗಪುರದ ಸುತ್ತಮುತ್ತ ಮೂವತ್ತಾರು ವರ್ಷ ಸ್ಟೇಷನ್ ಮಾಸ್ತರಿಕೆ ಮಾಡಿ ನಿವೃತ್ತರಾದವರಿಗೆ ಅಂಬಾಝರಿ ಕೆರೆಯೇ ದೊಡ್ಡ ನೀರು. ಅಂಥವರು ವರ್ಧಾ ರಸ್ತೆಯ ತರಬೇತಿ ಕೇಂದ್ರವೊಂದರಲ್ಲಿ ಟೆಲಿಫೋನ್ ನೋಡಿಕೊಳ್ಳಲು ಸೇರಿದರು. ಅಲ್ಲಿ ನಡೆಯುವುದು ಕಡಲ ರಕ್ಷಣೆಯ ಶಿಬಿರ ಎಂದು ತಿಳಿದಾಗ ಹೆಂಡತಿ ಕೃಷ್ಣವೇಣಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈಸಲಿಕ್ಕರೆ ಬರ್ತದೇನ್ರಿ ನಿಮಗ?"

ಶಿಬಿರಕ್ಕೆ ಶ್ರೀಲಂಕಾ, ಮಾಲ್ಡೀವ್ಸ್ ಅಧಿಕಾರಿಗಳು ಬಂದಿದ್ದರು, ನಮ್ಮವರೂ ಇದ್ದರು. ದೇಶಕ್ಕೊಂದು ಕೋಣೆ, ಕೋಣೆಗೊಂದು ಫೋನು. ಎಂಜಿನ್ ಕೆಟ್ಟ ದೋಣಿಯೊಂದು ಮೂರೂ ದೇಶಗಳ ಗಡಿಯಲ್ಲಿ ತೇಲುತ್ತಿದೆ ಎಂಬುದು ಅಭ್ಯಾಸದ ಕಥೆ. ಕಾಗದದ ಮೇಲೆ ಹನ್ನೆರಡು ಮೀನುಗಾರರು, ಎರಡು ದಿನಕ್ಕಾಗುವಷ್ಟು ಕುಡಿಯುವ ನೀರು. ಎರಡು ಸಲ ಆಡಿದರು, ಎರಡು ಸಲವೂ ಹನ್ನೆರಡು ಮಂದಿ ಸತ್ತರು. ಜಗಳವೇನಿಲ್ಲ, ಎಲ್ಲರೂ ಬಲು ಮರ್ಯಾದಸ್ಥರು. ಒಬ್ಬರು ಫೋನ್ ಮಾಡಿದರೆ ಇನ್ನೊಬ್ಬರು ಓಕೆ ಎನ್ನುತ್ತಿದ್ದರು. ಆಮೇಲೆ, ಹಡಗು ಅವರು ಕಳಿಸುತ್ತಾರೆಂದು ಇವರು, ಇವರು ಕಳಿಸುತ್ತಾರೆಂದು ಅವರು ಚಹಾ ಕುಡಿಯುತ್ತ ಕೂತುಬಿಡುತ್ತಿದ್ದರು.

ಅಧಿಕಾರಿಗಳು ನಗುತ್ತ ಊಟಕ್ಕೆ ಎದ್ದರು. ಬಿಂದುಮಾಧವರು ಮಾತ್ರ ಫೋನಿನ ಬಳಿಯೇ ಕೂತರು. ಹರೆಯದಲ್ಲಿ, ಒಂಟಿ ಹಳಿಯ ಸಣ್ಣ ಸ್ಟೇಷನ್ನಿನಲ್ಲಿ, ಇಂಥದೇ ಒಂದು ಓಕೆಯನ್ನು ನಂಬಿ ಅವರು ಗಾಡಿ ಬಿಟ್ಟಿದ್ದರು. ಎದುರಿನಿಂದ ಬಂದ ಗೂಡ್ಸ್ ನೂರು ಮಾರು ದೂರದಲ್ಲಿ ನಿಂತು ಜನ ಉಳಿದರು.

ಫೋನಿನವರು ನಡುವೆ ಬಾಯಿ ಹಾಕಬಾರದೆಂದು ಕೇಂದ್ರದವರು ಮೊದಲ ದಿನವೇ ಹೇಳಿದ್ದರು. ಹೋದರೆ ಹೋಗಲಿ ಕೆಲಸ ಎಂದುಕೊಂಡು ಅವರು ಮಾಲ್ಡೀವ್ಸಿನ ಅಧಿಕಾರಿ ಶಿಫಾನಾ ಎಂಬ ಹುಡುಗಿಯ ಬಳಿ ಹೋಗಿ, ಹರಕುಮುರುಕು ಇಂಗ್ಲಿಷಿನಲ್ಲಿ ರೈಲಿನ ಪದ್ಧತಿ ವಿವರಿಸಿದರು. ಪ್ರತಿ ಸ್ಟೇಷನ್ ಮಾಸ್ತರನ ಹತ್ತಿರ ಅಂಕಿಗಳ ಒಂದು ಹಾಳೆ ಇರುತ್ತದೆ. ಗಾಡಿಯನ್ನು ಒಪ್ಪಿಕೊಳ್ಳುವವನು ಅದರಿಂದ ಒಂದು ಅಂಕಿ ಹೇಳಿ, ಹಾಳೆಯಲ್ಲಿ ಅದರ ಮೇಲೆ ಗೀಟೆಳೆಯಬೇಕು. ಅದೇ ಪ್ರೈವೇಟ್ ನಂಬರ್; ಹರೆಯದಲ್ಲಿ ಅವರು ಕೇಳದೆ ಬಿಟ್ಟಿದ್ದು ಅದನ್ನೇ. ಅದು ಬರುವ ತನಕ ಗಾಡಿ ಹೊರಡುವಂತಿಲ್ಲ. ಓಕೆ ಎಂದವನು ಮರೆತಾನು, ನಂಬರ್ ಕೊಟ್ಟವನು ಸಿಕ್ಕಿಕೊಂಡ. ದೋಣಿಯ ವಿಷಯವೂ ಅಷ್ಟೆ: ನಂಬರ್ ಬರುವ ತನಕ ಆ ಜನ ನಿಮ್ಮವರೇ.

ಮೂರನೆಯ ಸಲ ಶಿಫಾನಾ ನಂಬರ್ ಪಡೆದೇ ಫೋನ್ ಇಟ್ಟಳು, ಹನ್ನೆರಡು ಮಂದಿಯೂ ಉಳಿದರು. ಕೇಂದ್ರದವರು ಬಿಂದುಮಾಧವರನ್ನು ದುರುಗುಟ್ಟಿ ನೋಡಿದರು, ಅಷ್ಟೇ. ಶಿಫಾನಾ ಹಾಳೆಯ ನಮೂನೆ ಬರೆಸಿಕೊಂಡು ಊರಿಗೆ ಹೋದಳು.

ನಾಲ್ಕು ತಿಂಗಳ ಮೇಲೆ, ಬೆಳಗಿನ ಅವಲಕ್ಕಿ ತಿನ್ನುವಾಗ, ಅವಳ ಫೋನ್ ಬಂತು. ನಿಜವಾದ ದೋಣಿಯೊಂದು ಗಡಿಯಲ್ಲಿ ಕೆಟ್ಟು ನಿಂತಿತ್ತಂತೆ. ಪಕ್ಕದ ದೇಶದ ಕಚೇರಿ ಓಕೆ ಎಂದಿತಂತೆ. ನಂಬರ್ ಕೊಡಿ ಎಂದು ಇವಳು ಪಟ್ಟು ಹಿಡಿದಾಗಲೇ ಗೊತ್ತಾಗಿದ್ದು, ಮಾಲ್ಡೀವ್ಸಿನ ಹಡಗೇ ಹೋಗುತ್ತದೆಂದುಕೊಂಡು ಅವರು ಸುಮ್ಮನಿದ್ದರು ಎಂಬುದು. ಹತ್ತು ನಿಮಿಷದಲ್ಲಿ ನಂಬರೂ ಬಂತು, ಹಡಗೂ ಹೊರಟಿತು.

"ನಂಬರ್ ಎಷ್ಟು?" ಎಂದು ಕೇಳಿದ ಬಿಂದುಮಾಧವರು ನಾಲಿಗೆ ಕಚ್ಚಿಕೊಂಡು, ಜನ ಎಷ್ಟು ಎಂದು ಕೇಳಿದರು. ಒಂಬತ್ತು. ಎಲ್ಲರೂ ಕ್ಷೇಮ.

ಕೃಷ್ಣವೇಣಿ ಕಿವಿಗೊಟ್ಟು ನಿಂತಿದ್ದರು. "ಅವರ ಮನ್ಯಾಗ ತಿಳಿಸ್ಯಾರೇನ್ ಕೇಳ್ರಿ ಮೊದಲ."

ತಿಳಿಸಿದ್ದರು. ಆದರೆ ಒಬ್ಬನ ತಾಯಿ ಮಾತ್ರ ಯಾವ ಅಧಿಕಾರಿಯ ಮಾತನ್ನೂ ನಂಬಲಿಲ್ಲವಂತೆ. ಮಗನ ದನಿ ಕೇಳಿಸುವ ತನಕ ಫೋನ್ ಇಡುವುದಿಲ್ಲ ಎಂದು ಒಂದು ತಾಸು ಹಾಗೇ ಹಿಡಿದುಕೊಂಡು ಕೂತಿದ್ದಳಂತೆ.

"ಬರೋಬರ್ ಮಾಡ್ಯಾಳ ನಮ್ಮವ್ವ," ಎಂದರು ಬಿಂದುಮಾಧವರು. "ನಂಬರ್ ಬರೂತನಕ ಬಿಡಬಾರದು."