ಕುಂಚಿಗೆಗೊಂದು ಫ್ರೆಂಚ್ ಮಾತು

ಕಳೆದ ವರ್ಷದ ಶ್ರಾವಣದ ಮಾತು. ಬನಹಟ್ಟಿಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ನಾನು ಅನುವಾದಕಿಯಾಗುತ್ತೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕಲಿಸಿದ ಫ್ರೆಂಚ್, ರಬಕವಿಯ ಒಂದು ಸೀರೆ ಅಂಗಡಿಗೆ ಉಪಯೋಗಕ್ಕೆ ಬಂದಿತ್ತು. ಅವರು ಹೊರದೇಶಕ್ಕೆ ಕಳಿಸುವ ಕೈಮಗ್ಗದ ಬಟ್ಟೆಗಳ ಇಂಗ್ಲಿಷ್ ಚೀಟಿಗಳನ್ನು ಫ್ರೆಂಚಿಗೆ ತಿರುಗಿಸುವುದು ನನ್ನ ಕೆಲಸ. ಅಳತೆ, ನೂಲು, ಒಗೆಯುವ ಬಗೆ, ಇಷ್ಟೇ.

ಒಂದು ದಿನ ಅಂಗಡಿಯ ಬಸಣ್ಣ ಒಂದು ಕುಂಚಿಗೆಯನ್ನೂ ಅದರ ಚೀಟಿಯನ್ನೂ ತಂದರು. ಕುಂಚಿಗೆಯೆಂದರೆ ಕೂಸಿನ ತಲೆಗೆ ಕಟ್ಟಿದರೆ ಬೆನ್ನಿನವರೆಗೂ ಇಳಿಯುವ ಟೊಪ್ಪಿಗೆ. ಹೊಲಿದವರು ನೇಕಾರರ ಮನೆಯ ಗಂಗವ್ವ. ಹಿಂದಿನ ವರ್ಷ ಮಗ್ಗ ಕಲಿಯಲು ಬಂದ ಎಲೊಡಿ ಎಂಬ ಫ್ರೆಂಚ್ ಹೆಣ್ಣುಮಗಳು ಅವರ ಮನೆಯಲ್ಲೇ ಉಳಿದಿದ್ದಳು. ತಾಯಿಯಿಲ್ಲದವಳು. ಗಂಡುಮಕ್ಕಳನ್ನಷ್ಟೇ ಹೆತ್ತ ಗಂಗವ್ವ ಅವಳನ್ನು ಯಲ್ಲವ್ವ ಎಂದು ಕರೆದು, ಚೊಚ್ಚಲ ಬಾಣಂತನಕ್ಕೆ ಇಲ್ಲಿಗೇ ಬರಬೇಕೆಂದು ಹೇಳಿ ಕಳಿಸಿದ್ದರು. ಅವಳಿಗೆ ಬರಲಾಗಲಿಲ್ಲ. ಕೂಸು ಫ್ರಾನ್ಸಿನಲ್ಲೇ ಹುಟ್ಟಿತು. ಈ ಕುಂಚಿಗೆ ಆ ಕೂಸಿಗೆ, ಅಂಗಡಿಯ ಸರಕಿನ ಜೊತೆ ಹೋಗುವುದಿತ್ತು.

ಚೀಟಿಯಲ್ಲಿ ಬಸಣ್ಣ ‘ಹ್ಯಾಂಡ್-ಮಿ-ಡೌನ್’ ಎಂದು ಬರೆಸಿದ್ದರು. ದೊಡ್ಡವರು ತೊಟ್ಟು ಚಿಕ್ಕವರಿಗೆ ದಾಟಿಸಿದ ಬಟ್ಟೆ ಎಂದರ್ಥ. ಫ್ರೆಂಚಿನಲ್ಲಿ ನನಗೆ ಸರಿಜೋಡಿ ಸಿಗಲಿಲ್ಲ. ಸಿಕ್ಕ ‘ಸಗೋಂದ್ ಮ್ಯಾಂ’ ಎಂಬುದು ಹಳೇ ಸಾಮಾನಿನ ಅಂಗಡಿಯ ಮಾತು: ಯಾರೋ ಬಳಸಿ ಬಿಟ್ಟದ್ದು. ಬಸಣ್ಣನಿಗೆ ಹಾಗೆಂದೆ.

“ಹಳೇದಂತ ಓದಿದ್ರ ಏನ್ ತಿಳ್ಕೋತಾರ್ರಿ ಅಕ್ಕಾರ? ಹೊಸಾ ಖಣದ ಅರಿವೀದೊಂದು ಕಳಸೂಣು,” ಎಂದರು ಬಸಣ್ಣ.

ಹೊಲಿದವರನ್ನೇ ಕೇಳಲು ಹೋದೆ. ಗಂಗವ್ವ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದರು.

“ಹೊಸಾದು ಹಸಿ ಮೈಗೆ ಚುಚ್ಚತೈತಿ ತಂಗಿ. ಇದು ನಮ್ಮವ್ವನ ಸೀರಿ. ತೊಂಬತ್ತು ದಾಟಿದಾಕಿ. ಆಕಿ ಆಯುಷ್ಯ ಕೂಸಿಗೆ ಬರಲಿ ಅಂತ ಹರದು ಹೊಲದೇನಿ. ಬಸ್ಯಾಗೇನ್ ಗೊತ್ತು, ಅಂವ ಬರೇ ಮಾರಾಂವ.”

ಕುಂಚಿಗೆಯನ್ನು ಮೂಗಿಗೆ ಹಿಡಿದೆ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬಿಳಿ ಚಾದರದ ಕೆಳಗೆ ಮಡಚಿಟ್ಟುಕೊಳ್ಳುತ್ತಿದ್ದ, ಅವ್ವನ ಹಳೆ ಸೀರೆಗಳ ಕೌದಿ ನೆನಪಾಯಿತು. ಸಿಸ್ಟರ್ ಒಗೆಯಲು ಕೇಳಿದರೂ ಕೊಡುತ್ತಿರಲಿಲ್ಲ. ಒಗೆದರೆ ಅವ್ವ ಅದರೊಳಗಿಂದ ಹೋಗಿಬಿಡುತ್ತಾಳೆಂಬ ಭಯ. ಈಗ ಅವ್ವನೂ ಇಲ್ಲ, ಕೌದಿಯೂ ಇಲ್ಲ.

ಮನೆಗೆ ಬಂದು ಆ ಇಂಗ್ಲಿಷ್ ಮಾತನ್ನೇ ಬಿಟ್ಟು ಫ್ರೆಂಚಿನಲ್ಲಿ ಹೀಗೆ ಬರೆದೆ: ‘ಕೂಸೇ, ಇದು ಇಲ್ಲಿಯ ನಿನ್ನ ಮುತ್ತಜ್ಜಿ ಉಟ್ಟ ಸೀರೆ. ಅವಳ ಆಯುಷ್ಯ ನಿನಗಿರಲಿ.’ ಒಗೆಯುವ ಬಗೆಯ ಸಾಲನ್ನು ಖಾಲಿ ಬಿಟ್ಟೆ. ಬಸಣ್ಣ ಓದಿಸಿ ಕೇಳಿ, ಚೀಟಿಯನ್ನು ಆ ಕುಂಚಿಗೆಗೇ ಕಟ್ಟಿ ಕಳಿಸಿದರು.

ದೀಪಾವಳಿಯ ಹೊತ್ತಿಗೆ ಬಸಣ್ಣನ ಫೋನಿಗೆ ಫೋಟೋ ಬಂತು. ಕುಂಚಿಗೆಯೊಳಗೆ ನಿದ್ದೆಹೋದ ಕೂಸು. ಫೋನನ್ನು ಗಂಗವ್ವನ ಕೈಗಿಟ್ಟು, ಜೊತೆಗಿದ್ದ ಎಲೊಡಿಯ ಮಾತನ್ನು ಕನ್ನಡದಲ್ಲಿ ಹೇಳಿದೆ: ‘ಇನ್ನೂ ತೊಳೆದಿಲ್ಲ. ನಿಮ್ಮ ಮನೆಯ ವಾಸನೆ ಇದೆ.’

ಪದಕ್ಕೆ ಪದ ಹುಡುಕುವ ಮೊದಲು, ಯಾರು ಯಾರಿಗೆ ಏನು ಕೊಡುತ್ತಿದ್ದಾರೆಂದು ಹೋಗಿ ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.

“ಹುಚ್ಚಿ. ಜೊಲ್ಲ ಹತ್ತಿರತೈತಿ, ತೊಳಿ ಅಂತ ಹೇಳು,” ಎಂದರು ಗಂಗವ್ವ. ಮತ್ತೆ ಫೋಟೋವನ್ನು ಕಣ್ಣ ಹತ್ತಿರ ಹಿಡಿದರು. “ಬ್ಯಾಡ ಬಿಡು. ಕೂಸಿನ್ನ ಕರಕೊಂಡು ಬರಲಿ. ನಾನ ತೊಳೀತೇನಿ.”