ಹೂ ನಿಮ್ಮವು, ಕಾಯಿ ನನ್ನವು

ಹೆಣ್ಣು ಕೇಳಲು ಬಂದವರನ್ನು ವಿಚಾರಿಸುವ ಹಾಗೆ ಗಿಡ ಕೇಳಲು ಬಂದವರನ್ನು ವಿಚಾರಿಸುತ್ತಿದ್ದವರು ಮೌಲಾಸಾಬರು. ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ರಸ್ತೆಯ ಬದಿಗೆ ಅವರದೊಂದು ನರ್ಸರಿ. ಮೇಲೆ ಹಸಿರು ಬಲೆ, ಕೆಳಗೆ ಕರಿ ಪ್ಲಾಸ್ಟಿಕ್ ಚೀಲಗಳಲ್ಲಿ ಗುಲಾಬಿ, ದಾಸವಾಳ, ನಿಂಬೆ, ಕರಿಬೇವು. ಇವನ್ನು ಯಾರು ಕೇಳಿದರೂ ಎತ್ತಿ ಕೊಡುತ್ತಿದ್ದರು. ಆದರೆ ಮೂಲೆಯಲ್ಲಿ ಹತ್ತಿಪ್ಪತ್ತು ಚೀಲಗಳಲ್ಲಿದ್ದ ಕೆಂಪು ಹೂವಿನ ಗಿಡಕ್ಕೆ ಬೆರಳು ಮಾಡಿ ತೋರಿಸಿದರೆ ಸಾಕು, ಪ್ರಶ್ನೆಗಳು ಶುರುವಾಗುತ್ತಿದ್ದವು. ಮನ್ಯಾಗ ಸಣ್ಣ ಹುಡುಗೂರು ಎಷ್ಟು ಅದಾರ? ಆಡು ಕಟ್ಟೀರೇನು? ಗಿಡ ಬಾಗಲದ ಮುಂದ ಹಚ್ತೀರೋ, ಹಿತ್ತಲದಾಗೋ?

ಅದಕ್ಕೆ ಹವಳದ ಗಿಡ ಎಂದು ಅವರೇ ಹೆಸರಿಟ್ಟುಕೊಂಡಿದ್ದರು. ಹೊಲದ ಬೇಲಿಗೆ ನೆಡುವ ಹಾಲವಾಣ ಗೊತ್ತಲ್ಲ, ಅದರದೇ ಜಾತಿ. ಆದರೆ ಇದು ಮರವಾಗುವುದಿಲ್ಲ, ಆಳೆತ್ತರದ ಪೊದೆಯಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲವೂ ಒಣಗಿ ಬೂದಿ ಬಣ್ಣಕ್ಕೆ ತಿರುಗಿದಾಗ ಇದು ಉದ್ದುದ್ದ ಗೊಂಚಲುಗಳಲ್ಲಿ ಕೆಂಪು ಹೂ ಬಿಡುತ್ತದೆ. ಹೂ ಉದುರಿದ ಮೇಲೆ ಅವರೆಕಾಯಿಯಂಥ ಕಾಯಿ. ಅದು ಒಣಗಿ ಬಿರಿದರೆ ಒಳಗೆ ಹೊಳೆಯುವ ಕೆಂಪು ಬೀಜ. ಬೀಜ ವಿಷ. ಮೌಲಾಸಾಬರು ಹರೆಯದಲ್ಲಿ ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ ಮಾಲಿಯಾಗಿದ್ದಾಗ ಯಾವುದೋ ಬಂಗಲೆಯ ಅಂಗಳದಿಂದ ತಂದ ತಳಿಯಂತೆ ಅದು.

ಕೊಡುವಾಗ ಅವರದು ಒಂದೇ ಕರಾರು: “ಹೂ ನಿಮ್ಮವು, ಕಾಯಿ ನನ್ನವು.” ಮೇ ತಿಂಗಳ ಕೊನೆಗೆ ಕಾಯಿ ಬಲಿಯುವ ಹೊತ್ತಿಗೆ ಹಳೆಯ ಮೊಪೆಡ್ಡಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಹೊರಡುತ್ತಿದ್ದರು. ಯಲಬುರ್ಗಾದಲ್ಲಿ ಎರಡು ಮನೆ, ಕುಷ್ಟಗಿಯಲ್ಲಿ ನಾಲ್ಕು, ಗಂಗಾವತಿಯಲ್ಲೊಂದು, ಹೀಗೆ ಎಲ್ಲಿ ಎಲ್ಲಿ ಗಿಡ ಕೊಟ್ಟಿದ್ದರೋ ಅಲ್ಲೆಲ್ಲ ಹೋಗಿ ಒಂದು ಕಾಯಿಯೂ ಉಳಿಯದಂತೆ ಬಿಡಿಸಿ ತಂದು ಸುಡುತ್ತಿದ್ದರು. ಸಾಬರು ಬೀಜದ ಆಸೆಗೆ ಬರುತ್ತಾರೆಂದು ಜನ ನಗುತ್ತಿದ್ದರು. ನಾನೂ ಒಮ್ಮೆ ಕೇಳಿದೆ, ವಿಷ ಅಂತ ಹೇಳಿ ಬಿಟ್ಟರೆ ಆಗುವುದಿಲ್ಲವೇ, ಇಷ್ಟು ಅಲೆದಾಟ ಯಾಕೆ ಎಂದು.

“ಹೇಳ್ತೀನ್ರಿ, ಹೇಳದ ಏನು ಕೊಡಂಗಿಲ್ಲ,” ಎಂದರು. “ಹೇಳಿದ್ದು ಒಂದು ವರ್ಷ ನೆನಪಿರತೈತಿ. ಮುಂದ ಹೂ ನೋಡ್ಕೊಂತ ಮರತು ಬಿಡ್ತಾರ. ಗಿಡ ಕೊಟ್ಟಾಂವ ನಾನು, ನಾ ಮರೀಬಾರದಲ್ರಿ.”

ನಾನು ಅವರನ್ನು ಮೊದಲು ನೋಡಿದ ದಿನ ಸಿದ್ದಾಪುರದ ಕಡೆಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಕಾರಿನಲ್ಲಿ ಬಂದು ಹೊಸ ಮನೆಯ ಗೇಟಿನ ಎರಡೂ ಬದಿಗೆ ಹವಳದ ಗಿಡವೇ ಬೇಕೆಂದು ಕೂತಿದ್ದರು. ಮೌಲಾಸಾಬರು ಗುಲಾಬಿಗೆ ಮಣ್ಣು ತುಂಬುತ್ತಲೇ, “ಮೊಮ್ಮಕ್ಕಳು ಅದಾರೇನ್ರಿ?” ಎಂದರು. ಒಬ್ಬ ಇದ್ದಾನೆ, ಈಗ ತೆವಳುತ್ತಾನೆ ಎಂದು ಸಾಹುಕಾರರು ಸಂತೋಷದಿಂದಲೇ ಹೇಳಿದರು.

“ಹಂಗಾರ ಐದು ವರ್ಷ ಬಿಟ್ಟು ಬರ್ರಿ.”

ಸಾಹುಕಾರರ ಮುಖ ಸಣ್ಣದಾಯಿತು. ಕೊನೆಗೆ ಕಣಗಿಲೆಯಾದರೂ ಕೊಡು ಎಂದರು. ಅದೂ ವಿಷವೇ, ಮಲ್ಲಿಗೆ ಒಯ್ಯಿರಿ ಎಂದು ನಾಲ್ಕು ಮಲ್ಲಿಗೆ ಸಸಿ ಡಿಕ್ಕಿಯಲ್ಲಿಟ್ಟು ಕಳಿಸಿದರು. ನಾನು ಒಳಗೊಳಗೇ ನಕ್ಕೆ. ಆದರೆ ನನ್ನ ಸರದಿಯೂ ಹಾಗೇ ಆಯಿತು.

ನಾನಾಗ ಇರಕಲ್ಲಗಡದ ಸಮೀಪದ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಹೊಸದಾಗಿ ಬಂದಿದ್ದೆ. ಕಾಂಪೌಂಡಿನಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ನನಗೂ ಆ ಕೆಂಪು ಹೂವಿನ ಮೇಲೇ ಕಣ್ಣು. ಹುಡುಗರು ಎಷ್ಟು ಎಂದು ಕೇಳಿದರು. ನೂರಾ ಹತ್ತು ಎಂದೆ. ಅವರು ಎದ್ದು ಬೇವಿನ ಸಸಿ ತರಲು ಹೋದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಏನ್ರೀ ಸಾಬ್ರ, ಹುಡುಗರ್ನ ಕಾಯಾಕಂತನ ಸರ್ಕಾರ ನನ್ನ ಇಟ್ಟೈತಿ. ಒಂದು ಗಿಡ ಕಾಯಾಕ ಆಗಂಗಿಲ್ಲೇನು ನನಗ?” ಎಂದು ದಬಾಯಿಸಿದೆ.

ಅವರು ನಿಂತು ನನ್ನನ್ನು ನೋಡಿದರು. “ನಿಮ್ಮ ಮಾತಿನ ಮ್ಯಾಲ ಕೊಡ್ತೀನ್ರಿ ಅಕ್ಕೋರ,” ಎಂದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದು ರೂಢಿ. ಆಮೇಲೆ ಕೂರಿಸಿ ಪಾಠ ಹೇಳಿದ ಹಾಗೆ ಹೇಳಿದರು. ಬೀಜ ಇಡಿಯಾಗಿ ನುಂಗಿದರೆ ಸಿಪ್ಪೆ ಗಟ್ಟಿ, ಬಹಳಷ್ಟು ಸಲ ಹಾಗೇ ಹೋಗಿಬಿಡುತ್ತದೆ. ತೂತು ಮಾಡಿದರೆ, ತೇಯ್ದರೆ, ಕಡಿದರೆ ಕಷ್ಟ. ಮೈಯ ಶಕ್ತಿಯೇ ಹೋಗುತ್ತದೆ, ಉಸಿರಿಗೂ ತ್ರಾಸಾಗುತ್ತದೆ.

ನಾಲ್ಕು ವರ್ಷ ಅವರು ತಪ್ಪದೆ ಬಂದರು. ಕಾಯಿ ಬಿಡಿಸಿ, ಗಿಡದ ಬುಡದಲ್ಲಿ ಕೂತು ಉದುರಿದ ಬೀಜ ಹೆಕ್ಕಿ, ನಮ್ಮ ಬಿಸಿಯೂಟದ ಕೋಣೆಯಲ್ಲಿ ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದರು. ಹುಡುಗರು ಅವರಿಗೆ ಗಿಡದ ಮಾಮಾ ಎನ್ನುತ್ತಿದ್ದರು. ಒಂದನೇ ತರಗತಿಯವರಿಗೆ ಹೂ ಕಿತ್ತು ತೋರಿಸಿ, “ಇದನ್ನ ನೋಡೂದು. ಕಾಯಿ ಮುಟ್ಟಿದ್ರ ಅಕ್ಕೋರಿಗೆ ಹೇಳ್ತೀನಿ,” ಎಂದು ಹೆದರಿಸುತ್ತಿದ್ದರು. ನನ್ನ ಹೆಸರಿಗೆ ಅವರು ಅಷ್ಟು ಬೆಲೆ ಕೊಟ್ಟಿದ್ದರು.

ಐದನೆಯ ವರ್ಷ ಯಲಬುರ್ಗಾದ ಹಾದಿಯಲ್ಲಿ ಜಲ್ಲಿಯ ಮೇಲೆ ಮೊಪೆಡ್ ಜಾರಿ ಅವರ ಕಾಲು ಮುರಿಯಿತು. ಶಾಲೆ ಶುರುವಾದ ವಾರದಲ್ಲೇ ಫೋನ್ ಬಂತು. “ಅಕ್ಕೋರ, ಈ ಸಲ ನನ್ನ ಕಡೆ ಆಗಂಗಿಲ್ರಿ. ಉಳಿದ ಕಡೆ ಮಗನ್ನ ಕಳಸ್ತೀನಿ. ಸಾಲಿಯೊಳಗಿಂದು ನೀವ ಕಿತ್ತು ಸುಟ್ಟು ಬಿಡ್ರಿ.” ನಾಳೆಯೇ ಮಾಡುತ್ತೇನೆ ಎಂದೆ. ಆ ನಾಳೆ ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರ, ಮೇಲಿನವರ ಸಭೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ವಾರದ ಮೇಲೆ ಮತ್ತೆ ಫೋನ್. “ಕಿತ್ತೀರೇನ್ರಿ?” ನಾನು ಯಾವುದೋ ಮಾಹಿತಿ ತುಂಬುತ್ತ ಕೂತಿದ್ದೆ, ತಲೆ ಬಿಸಿಯಾಗಿತ್ತು. “ಹೂಂರಿ, ಆತು,” ಎಂದೆ. ಸಂಜೆ ಕೀಳಿಸಿದರಾಯಿತು ಎಂದುಕೊಂಡೇ ಹೇಳಿದ ಸುಳ್ಳು ಅದು. ಸಂಜೆ ಮರೆತೆ.

ಆಷಾಢ ಬಂತು. ಆಷಾಢದ ಮಂಗಳವಾರಗಳಲ್ಲಿ ನಮ್ಮಲ್ಲಿ ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ ಕೂರಿಸುತ್ತಾರೆ. ಅವಳಿಗೆ ಕುಸುಬಿ ಕಾಳು, ಗುಲಗಂಜಿ ಒತ್ತಿ ಒಡವೆ ಹಾಕುತ್ತಾರೆ. ಗುಲಗಂಜಿಯ ಬಳ್ಳಿ ಈಗ ಬೇಲಿಗಳಲ್ಲಿ ಉಳಿದಿಲ್ಲ, ಗುಡ್ಡಕ್ಕೇ ಹೋಗಬೇಕು. ಐದನೇ ತರಗತಿಯ ರೇಣುಕಾಳಿಗೆ ಶಾಲೆಯ ಕಾಂಪೌಂಡಿನಲ್ಲೇ ಗುಲಗಂಜಿಗಿಂತ ದೊಡ್ಡ, ಗುಲಗಂಜಿಗಿಂತ ಕೆಂಪು ಬೀಜ ಸಿಕ್ಕಿತು. ಈ ಸಲ ಗುಳ್ಳವ್ವನಿಗೆ ಸರವನ್ನೇ ಮಾಡೋಣ ಎಂದು ಆಸೆಪಟ್ಟಳು. ಸೂಜಿ ಇಳಿಯಲಿಲ್ಲ. ಕಲ್ಲಿಗೆ ತಿಕ್ಕಿ ಸಿಪ್ಪೆ ತುಸು ಸವೆಸಿ, ಮೆತ್ತಗಾಗಲೆಂದು ಬಟ್ಟಲಿನಲ್ಲಿ ನೆನೆ ಇಟ್ಟಳು. ಮಂಗಳವಾರ ಬೆಳಿಗ್ಗೆ ಅವಳ ತಂಗಿ, ಐದು ವರ್ಷದ ಪಾರು, ನೆನೆದ ಕಡಲೆಯೆಂದು ತಿಳಿದು ನಾಲ್ಕೈದು ಬಾಯಿಗೆ ಹಾಕಿ ಅಗಿದಿತ್ತು. ಬೆಳಿಗ್ಗೆ ನೆನೆದ ಕಡಲೆ ತಿನ್ನುವುದು ಆ ಮನೆಯ ರೂಢಿ.

ತಾಯಿ ಗಂಗವ್ವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಶಾಲೆಗೇ ಓಡಿ ಬಂದಳು. ಕತ್ತು ನಿಲ್ಲುತ್ತಿರಲಿಲ್ಲ, ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಲಂಗದ ಮೇಲಿನ ವಾಂತಿಯಲ್ಲಿ ಕೆಂಪು ಸಿಪ್ಪೆಯ ಚೂರು ಕಂಡಿತು. ಯಾರೋ ಉಪ್ಪು ನೀರು ಕುಡಿಸಿರಿ ಎಂದರು, ಇನ್ಯಾರೋ ಹುಣಸೆ ನೀರು ಎಂದರು. ನಾನು ಮೌಲಾಸಾಬರಿಗೆ ಫೋನ್ ಮಾಡಿದೆ.

ಅವರು ಒಂದೂ ಹೆಚ್ಚಿನ ಪ್ರಶ್ನೆ ಕೇಳಲಿಲ್ಲ. “ಏನೂ ಕುಡಸಬ್ಯಾಡ್ರಿ, ಉಸರಿಗೆ ಅಡ್ಡ ಆಕ್ಕೈತಿ. ಮಗ್ಗಲಾ ಮಾಡಿ ಮಲಗಿಸ್ರಿ. ಉಳದ ಬೀಜ ಕೈಯಾಗ ಹಿಡಕೊಂಡು ಜಲ್ದಿ ಕೊಪ್ಪಳ ದವಾಖಾನಿಗೆ ಬರ್ರಿ.” ನಾವು ಜೀಪಿನಲ್ಲಿ ಹೋಗಿ ಇಳಿಯುವಷ್ಟರಲ್ಲಿ ಅವರು ಪ್ಲಾಸ್ಟರಿನ ಕಾಲು ಚಾಚಿಕೊಂಡು ಆಟೋದಲ್ಲಿ ಗೇಟಿನ ಬಳಿ ಕಾಯುತ್ತಿದ್ದರು. ಡಾಕ್ಟರಿಗೆ ತೋರಿಸಲು ಆ ಗಿಡದ ಒಂದು ಟೊಂಗೆ ಮುರಿದು ತಂದಿದ್ದರು. ಎರಡು ದಿನ ಮಗುವಿನ ಉಸಿರಿನ ಮೇಲೆ ಕಣ್ಣಿಟ್ಟು ಕೂತೆವು. ಮೂರನೆಯ ದಿನ ಪಾರು ಎದ್ದು ಕೂತು ಅವ್ವನ ಬಳಿ ಮಿರ್ಚಿ ಭಜಿ ಕೇಳಿತು. ಗಂಗವ್ವ ನಕ್ಕು ಅತ್ತಳು, ನಾನೂ ಅತ್ತೆ.

ಮುಂದಿನ ವಾರ ಶಾಲೆಯಲ್ಲಿ ಊರವರ ಸಭೆ ಸೇರಿತು. ಮೌಲಾಸಾಬರನ್ನು ಕರೆಸಿದ್ದರು. ಸಾಲಿಯೊಳಗ ವಿಷದ ಗಿಡ ಯಾಕ ಹಚ್ಚಿದಿ ಎಂದು ಒಬ್ಬರು, ವರ್ಷಾ ಬರಾಂವ ಈ ವರ್ಷ ಯಾಕ ಬರಲಿಲ್ಲ ಎಂದು ಇನ್ನೊಬ್ಬರು. ಪಾರುವಿನ ಅಪ್ಪ ಹೊಡೆಯಲು ಎದ್ದಿದ್ದ, ಪಕ್ಕದವರು ಹಿಡಿದು ಕೂರಿಸಿದರು. ಮೌಲಾಸಾಬರು ಕೋಲು ಊರಿಕೊಂಡು ಎದ್ದು ನಿಂತರು. ನನ್ನ ಕಡೆ ಒಮ್ಮೆ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾದಿರಬೇಕು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ, ಊರಿಗೆಲ್ಲ ಗೊತ್ತು. ಅವತ್ತು ನಾಲಿಗೆ ಏಳಲಿಲ್ಲ. ನೌಕರಿ ನೆನಪಾಯಿತು, ಊರವರ ಮುಂದೆ ಸಣ್ಣವಳಾಗುವುದು ನೆನಪಾಯಿತು.

“ಗಿಡ ನಂದ್ರಿ. ತಪ್ಪೂ ನಂದ,” ಎಂದರು ಅವರು. ಕೊಡಲಿ ಕೇಳಿ ಇಸಿದುಕೊಂಡು, ಕೂತುಕೊಂಡೇ ಬುಡ ಕಡಿದರು. ಯಾರೂ ಕೈ ಹಚ್ಚಲಿಲ್ಲ.

ಸುದ್ದಿ ಅವರಿಗಿಂತ ಮೊದಲೇ ಎಲ್ಲ ಕಡೆ ಮುಟ್ಟಿತು. ನರ್ಸರಿಗೆ ಜನ ಬರುವುದು ಕಡಿಮೆಯಾಯಿತು. ಅವರ ಗುಲಾಬಿಯನ್ನೂ ಜನ ಅನುಮಾನದಿಂದ ನೋಡಿದರು. ಕಾಲು ಕೂಡಿದ ಮೇಲೆ ಅವರು ಹವಳದ ಗಿಡ ಕೊಟ್ಟಿದ್ದ ಮನೆಮನೆಗೂ ಹೋಗಿ ಅದನ್ನು ಕಿತ್ತು, ಆ ಗುಂಡಿಯಲ್ಲಿ ತಾವೇ ದಾಸವಾಳ ನೆಟ್ಟು ಬಂದರು. ಇದೆಲ್ಲ ಕಿವಿಗೆ ಬೀಳುತ್ತಲೇ ಇತ್ತು. ನಾನು ಸುಮ್ಮನಿದ್ದೆ. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಮರುವರ್ಷ ಬೇಸಿಗೆ ರಜೆಯಲ್ಲಿ ತಡೆಯಲಾರದೆ ನರ್ಸರಿಗೆ ಹೋದೆ. ಮೂಲೆ ಖಾಲಿಯಿತ್ತು. ಅವರು ನಿಂಬೆಗೆ ನೀರು ಹಾಕುತ್ತಿದ್ದರು. ಬರ್ರಿ ಎನ್ನಲಿಲ್ಲ, ಹೋಗ್ರಿ ಎನ್ನಲಿಲ್ಲ. ತಪ್ಪಾಯಿತು, ಸುಳ್ಳು ಹೇಳಿದೆ, ನಿಮ್ಮ ಹೆಸರು ಹಾಳು ಮಾಡಿದೆ ಎಂದು ಅಳುತ್ತ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಸಿಟ್ಟು ಐತ್ರಿ ಅಕ್ಕೋರ ನನಗ. ಇಲ್ಲ ಅನ್ನಂಗಿಲ್ಲ,” ಎಂದರು. “ಆದರ ನನಗ್ಯಾಕ ಹೇಳಾಕ ಬಂದೀರಿ? ನನಗ ಗೊತ್ತೈತಲ್ಲ. ಗೊತ್ತಿಲ್ಲದವ್ರಿಗೆ ಹೋಗಿ ಹೇಳ್ರಿ.”

ಹೇಳುತ್ತೇನೆ ಎಂದು ಬಂದೆ. ಮತ್ತೆ ಅದೇ ನಾಳೆ. ಇವತ್ತು ಅಮಾವಾಸ್ಯೆ, ನಾಳೆ ಗಂಗವ್ವ ಹೊಲಕ್ಕೆ ಹೋಗಿರುತ್ತಾಳೆ, ನಾಡಿದ್ದು ನನಗೆ ಸಭೆ. ಎರಡು ತಿಂಗಳು ಹೋದವು. ಒಂದು ಬೆಳಿಗ್ಗೆ ಶಾಲೆಗೆ ಬರುವಾಗ ಆಟೋದವನು ಹೇಳಿದ, “ಗಿಡದ ಸಾಬ್ರು ಹೋದ್ರಂತಲ್ರಿ ಅಕ್ಕೋರ. ನಿನ್ನೆ ಎದಿನೋವು ಬಂದಿತ್ತಂತ.” ನಾನು ಶಾಲೆಗೆ ಹೋಗಲಿಲ್ಲ. ಆಟೋ ತಿರುಗಿಸಿ ಕೊಪ್ಪಳಕ್ಕೆ ಹೋದೆ. ಮಣ್ಣು ಮಾಡಿ ಮುಗಿದಿತ್ತು. ಹೆಂಗಸರ ನಡುವೆ ಸ್ವಲ್ಪ ಹೊತ್ತು ಕೂತು ಬಂದೆ. ನಾನು ಯಾರೆಂದು ಅವರ ಮನೆಯವರಿಗೆ ಗೊತ್ತಿತ್ತು, ಏನು ಮಾಡಿದ್ದೆನೆಂದು ಗೊತ್ತಿರಲಿಲ್ಲ. ಅವರು ಮನೆಯಲ್ಲೂ ಹೇಳಿರಲಿಲ್ಲ.

ಅಲ್ಲಿಂದ ನೇರ ಗಂಗವ್ವನ ಮನೆಗೆ ಹೋದೆ. ಜೋಳ ಹಸನು ಮಾಡುತ್ತ ಕೂತಿದ್ದಳು. ಪಾರು ಅಂಗಳದಲ್ಲಿ ಆಡುತ್ತಿತ್ತು. ಎರಡು ಸಲ ಫೋನ್ ಬಂದದ್ದು, ಕಿತ್ತಿದ್ದೇನೆಂದು ನಾನು ಸುಳ್ಳು ಹೇಳಿದ್ದು, ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು ಎಲ್ಲ ಹೇಳಿದೆ. ಬೈಯುತ್ತಾಳೆ, ಊರು ಸೇರಿಸುತ್ತಾಳೆ ಎಂದು ಕಾದೆ. ಗಂಗವ್ವ ಜೋಳದ ಮೊರ ಕೆಳಗಿಟ್ಟಳು.

“ಅವ್ರು ಬಂದಿದ್ರರಿ ಅಕ್ಕೋರ,” ಎಂದಳು. “ಎರಡು ಸಲ. ಕುಂಟಕೊಂತ ಬಂದು, ಹುಡುಗಿ ಹೆಂಗದಾಳವ್ವಾ ಅಂತ ಕೇಳಿದ್ರು. ನಾ ಹೊಸ್ತಿಲದಾಗ ನಿಂತು ಮಾತಾಡಿ ಕಳಿಸಿದ್ನಿ. ಬಿಸಲಾಗ ಬಂದ ಮನಷ್ಯಾಗ ಒಂದು ಚರಗಿ ನೀರು ಸೈತ ಕೊಡಲಿಲ್ಲ. ನೀವು ಅವಾಗ ಹೇಳಿದ್ರ ಕೊಡ್ತಿದ್ನಲ್ರಿ.”