ಭಾಷಣಕ್ಕೊಂದು ಹೂಂ

ನನ್ನ ಮಗಳಿಗೆ ಮನೆಯಲ್ಲಿ ಬಾಯಿಗೆ ಬಿಡುವಿರಲಿಲ್ಲ. ಶಾಲೆಯಲ್ಲಿ ಮಾತ್ರ ಬಾಯೇ ಬಿಡುತ್ತಿರಲಿಲ್ಲ. ಎರಡನೇ ಕ್ಲಾಸಿನಲ್ಲಿ ವೇದಿಕೆ ಹತ್ತಿಸಿದಾಗ ಲಂಗ ಹಿಡಿದುಕೊಂಡು ಅತ್ತು ಇಳಿದು ಬಂದಿದ್ದಳು. ಅಂದಿನಿಂದ ಮಕ್ಕಳೆಲ್ಲ ಅವಳನ್ನು ಮೂಗಿ ಎನ್ನತೊಡಗಿದ್ದರು. ಮರುವರ್ಷ ಭಾಷಣ ಸ್ಪರ್ಧೆಗೆ ನಾನೇ ಅವಳನ್ನು ಸೇರಿಸಿ ಬಂದೆ. ಮೂಗಿ ಎಂದವರ ಬಾಯಿ ಮುಚ್ಚಿಸಬೇಕು ಎಂಬ ಹಟ ನನಗೆ.

ಎಂಬತ್ತರ ದಶಕದ ಮಾತು. ಆಗ ನಾವು ವಿಜಯನಗರದಲ್ಲಿ, ಮಾರೇನಹಳ್ಳಿ ಕಡೆಯ ಒಂದು ಶೀಟಿನ ಮನೆಯಲ್ಲಿದ್ದೆವು. ಯಜಮಾನರಿಗೆ ರಾಜಾಜಿನಗರದ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್. ಸಂಜೆ ಮನೆಯಲ್ಲಿರುತ್ತಿದ್ದವರು ನಾನು, ಮಗಳು, ನನ್ನ ಅತ್ತೆ. ಸ್ಕೂಲಿನಿಂದ ಬಂದವಳಿಗೆ ಅವಲಕ್ಕಿ ತಿನ್ನಿಸಿ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದೆ. ಮೊರದಲ್ಲಿ ಅಕ್ಕಿ ಆರಿಸುತ್ತ ಕೂತ ಅತ್ತೆಯೇ ಸಭೆಯ ಅಧ್ಯಕ್ಷರು. ಕೈಯಲ್ಲಿ ಸೌಟು ಹಿಡಿದ ನಾನು ತೀರ್ಪುಗಾರ್ತಿ. ಆ ಹಿತ್ತಲಿನ ಮೇಲೆ ಈಗ ಯಾರದೋ ಮೂರಂತಸ್ತಿನ ಮನೆ ನಿಂತಿದೆ. ಆ ಸಂಜೆಗಳು ಮಾತ್ರ ನನಗೆ ಇನ್ನೂ ಬೇಕು ಅನ್ನಿಸುತ್ತವೆ.

ಭಾಷಣದ ವಿಷಯ ಮರಗಳ ಉಪಯೋಗ. "ಮರಗಳು ನಮಗೆ ನೆರಳು ಕೊಡುತ್ತವೆ" ಎನ್ನುತ್ತಿದ್ದಳು ಮಗಳು. "ಹೂಂ" ಎನ್ನುತ್ತಿದ್ದರು ಅತ್ತೆ. "ಮರಗಳು ನಮಗೆ ಹಣ್ಣು ಕೊಡುತ್ತವೆ." "ಹೂಂ." ಅವರ ಹಳ್ಳಿಯಲ್ಲಿ ಕಥೆ ಕೇಳುವವರು ಹೂಂಗುಟ್ಟಲೇಬೇಕು, ಹೂಂ ನಿಂತರೆ ಹೇಳುವವರೂ ಕಥೆ ನಿಲ್ಲಿಸುತ್ತಾರೆ. ಅವರಿಗೆ ಭಾಷಣವೂ ಅಷ್ಟೇ.

"ಅತ್ತೆ, ಭಾಷಣದ ಮಧ್ಯೆ ಹೂಂ ಅನ್ಬಾರ್ದು" ಎಂದು ನಾನು ರೇಗುತ್ತಿದ್ದೆ.

"ಮಗು ಅಷ್ಟು ಚೆಂದಾಗ್ ಹೇಳ್ತಾ ಐತೆ, ಕಲ್ಲಿನಂಗೆ ಕೂತ್ಕೊಳ್ಳಾಕಾಯ್ತದೇನಮ್ಮ?"

ಮಗಳು ಒಂದು ವಾಕ್ಯ ಹೇಳಿ ಅಜ್ಜಿಯ ಮುಖ ನೋಡುವಳು. ಹೂಂ ಬಂದ ಮೇಲೆ ಮುಂದಿನ ವಾಕ್ಯ. ಹದಿನೈದು ದಿನದಲ್ಲಿ ಭಾಷಣ ನೀರು ಕುಡಿದಷ್ಟು ಸಲೀಸಾಯಿತು. ಎಲ್ಲ ನನ್ನ ಸೌಟಿನ ಮಹಿಮೆ ಎಂದು ನಾನು ಬೀಗಿದೆ.

ಸ್ಪರ್ಧೆಯ ದಿನ ಬೆಳಿಗ್ಗೆ ಅತ್ತೆ ಹಬ್ಬದ ಸೀರೆ ಉಟ್ಟು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. "ನೀವು ಬೇಡ ಅತ್ತೆ. ಅಲ್ಲಿ ಬಂದು ಹೂಂ ಅಂತ ಶುರು ಮಾಡಿದ್ರೆ ನನ್ನ ಮಾನ ಹೋಗುತ್ತೆ" ಎಂದುಬಿಟ್ಟೆ. ಅವರು ಒಳಗೆ ಹೋಗಿ ಸೀರೆ ಬದಲಾಯಿಸಿದರು. ಅಷ್ಟು ಕೆಟ್ಟ ಬಾಯಿ ನನ್ನದು.

ಶಾಲೆಯ ಹಾಲಿನಲ್ಲಿ ಮಗಳ ಸರದಿ ಬಂತು. ಮೈಕಿನ ಮುಂದೆ ನಿಂತು ಎಲ್ಲರಿಗೂ ನಮಸ್ಕಾರ ಹೇಳಿದಳು. "ಮರಗಳು ನಮಗೆ ನೆರಳು ಕೊಡುತ್ತವೆ" ಎಂದು ನಿಲ್ಲಿಸಿದಳು. ಅಲ್ಲಿ ಕೂತಿದ್ದ ಅಧ್ಯಕ್ಷರತ್ತ ನೋಡಿದಳು. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವಳು ಮರೆತಿರಲಿಲ್ಲ, ಹೂಂ ಬರಲಿ ಎಂದು ಕಾಯುತ್ತಿದ್ದಳು. ಇಡೀ ಹಾಲಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಅವಳ ಕೈ ಲಂಗವನ್ನು ಮುದುರತೊಡಗಿತು. ಹಿಂದಿನಿಂದ ಯಾವುದೋ ಮಗು "ಮೂಗಿ" ಎಂದಿತು.

ಮನೆಯಲ್ಲಿ ನಾನು ಎಷ್ಟೇ ಜೋರಾಗಿದ್ದರೂ ನಾಲ್ಕು ಜನರ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ "ಹೂಂ" ಎಂದೆ.

ಜನ ತಿರುಗಿ ನೋಡಿ ನಕ್ಕರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಮಗಳು ಮಾತ್ರ ನನ್ನನ್ನೇ ನೋಡುತ್ತ "ಮರಗಳು ನಮಗೆ ಹಣ್ಣು ಕೊಡುತ್ತವೆ" ಎಂದಳು. ಮತ್ತೆ ಹೂಂ ಎಂದೆ. ಹೀಗೇ ಭಾಷಣ ಕೊನೆಯವರೆಗೂ ನಡೆಯಿತು. ಬಹುಮಾನ ಬರಲಿಲ್ಲ, ಬರುವ ಹಾಗೂ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕಾದು ಕೂತಿದ್ದರು. "ಮಗು ಪೂರಾ ಹೇಳಿತೇನಮ್ಮ?"

"ಹೇಳಿದ್ಲು ಅತ್ತೆ. ನಿಮ್ಮನ್ನ ಬೇಡ ಅಂದಿದ್ದು ನನ್ನ ತಪ್ಪು" ಎಂದೆ. ಮದುವೆಯಾಗಿ ಬಂದ ಮೇಲೆ ಅವರ ಮುಂದೆ ಇಂಥ ಮಾತು ಆಡಿದ್ದು ಅದೇ ಮೊದಲು.

ಅತ್ತೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಬಾ, ಕೂತ್ಕೋ. ಬಿಸಿಲಾಗೆ ನಡ್ಕೊಂಡ್ ಬಂದಿದೀಯ."